ಬಡಗಣ ಗೋಡೆಗೆ ಮೊದಲ ಮುದ್ದೆ

ಬೆಳಿಗ್ಗೆ ಎದ್ದವನೇ ಎರ್ಗೆಶ್ ನೋಡಿದ್ದು ಆಕಾಶವನ್ನಲ್ಲ, ಮಣ್ಣಿನ ಗುಂಡಿಯನ್ನು. ಮೊನ್ನೆಯಿಂದ ತುಳಿದು, ಕುದುರೆ ಲದ್ದಿ ಸೇರಿಸಿ, ಮತ್ತೆ ತುಳಿದು ಹದಕ್ಕೆ ತಂದಿದ್ದ ಮಣ್ಣು ಹಳೆಯ ಗೋಣಿಚೀಲಗಳ ಕೆಳಗೆ ಮಲಗಿತ್ತು. ಚೀಲ ಎತ್ತಿ ಬೆರಳಿಟ್ಟ. ಮೇಲ್ಗಡೆ ಹಪ್ಪಳದಷ್ಟು ತೆಳುವಾಗಿ ಹೆಪ್ಪುಗಟ್ಟಿತ್ತು, ಒತ್ತಿದರೆ ಚಿಟ್ಟೆಂದು ಒಡೆಯಿತು. ಆಮೇಲೆ ಆಕಾಶ ನೋಡಿದ. ಬೆಟ್ಟದ ನೆತ್ತಿ ಇರಲೇ ಇಲ್ಲ. ನಿನ್ನೆ ಸಂಜೆ ಅಲ್ಲಿದ್ದದ್ದು ಇವತ್ತು ಮೋಡದೊಳಗೆ ಹೋಗಿಬಿಟ್ಟಿತ್ತು. ಇವತ್ತು ಮೆತ್ತಿದರೆ ಮೆತ್ತಿದ ಹಾಗೆ. ನಾಳೆಗೆ ಹಿಮ ಇಳಿಯಿತೋ, ಮನೆಯ ಬಡಗಣ ಗೋಡೆ ಹೀಗೇ ಬಿರುಕು ಬಿಟ್ಟುಕೊಂಡು ಚಳಿಗಾಲಕ್ಕೆ ಮೈಯೊಡ್ಡಬೇಕು. ಆ ಗೋಡೆಗೆ ಒತ್ತಿಯೇ ಒಳಗೆ ಅತ್ತೆ ಕಾಲಿಚಾಳ ಹಾಸಿಗೆ. ಹೋದ ಚಳಿಗಾಲವೆಲ್ಲ ಅವಳು ಕೆಮ್ಮಿದ್ದಳು. ಹಾಸಿಗೆ ಈಚೆ ಎಳೆಯೋಣ ಅಂದರೆ, ಅದು ಅವರು ಮಲಗುತ್ತಿದ್ದ ಜಾಗ, ಸತ್ತ ಗಂಡ ಬಂದು ಹುಡುಕಿದರೆ ಏನು ಹೇಳಲಿ ಅಂದಿದ್ದಳು. ಹಾಸಿಗೆ ಅಲ್ಲೇ ಉಳಿಯಿತು. ಗೋಡೆ ಹಾಗಿದೆ, ಮಣ್ಣು ಹೀಗಿದೆ, ಕೈಗಳೆರಡೂ ಇವೆ. ಆದರೂ ಮುಟ್ಟುವ ಹಾಗಿಲ್ಲ. ಮೆದೆರ್ ಬರಬೇಕು.

ಇದು ಈ ಮನೆಯ ಪದ್ಧತಿ. ಬಡಗಣ ಗೋಡೆಗೆ ಚಳಿಗಾಲದ ಮಣ್ಣು ಮೆತ್ತುವಾಗ ಮೊದಲ ಮುದ್ದೆ ಹೊಡೆಯಬೇಕಾದವನು ಮನೆಯ ಗಂಡಸು. ಆವತ್ತು ಸಂಜೆ ಕುರಿ ಬೇಯುತ್ತದೆ, ಮುಂಗಾಲಿನ ಮೂಳೆ ಅವನ ತಟ್ಟೆಗೆ ಬರುತ್ತದೆ, ಅವನು ಕಚ್ಚಿ ಕಚ್ಚಿ ಬೆಳ್ಳಗೆ ಮಾಡಿದ ಆ ಮೂಳೆಯನ್ನು ಹೊರಬಾಗಿಲ ಮೇಲೆ ಕಟ್ಟುತ್ತಾರೆ. ವಸಂತದವರೆಗೂ ಮನೆಗೆ ಅದೇ ಕಾವಲು. ಕಾಯುತ್ತದೋ ಇಲ್ಲವೋ, ಕಟ್ಟದೆ ನೋಡುವ ಧೈರ್ಯ ಮಾತ್ರ ಯಾರಿಗೂ ಬಂದಿಲ್ಲ. ಮಾವ ಇದ್ದಾಗ ಮಾವನೇ ಹೊಡೆಯುತ್ತಿದ್ದ, ಕೈ ನಡುಗುತ್ತಿದ್ದರೂ. ಅವನು ಹೋದಮೇಲೆ ಪಟ್ಟಣದಿಂದ ಅವನ ತಮ್ಮನ ಮಗ ಮೆದೆರ್‌ನನ್ನು ಕರೆಸುತ್ತಾರೆ. ಮೆದೆರ್ ತನ್ನ ಕಲ್ಲಿದ್ದಲ ಲಾರಿಯಲ್ಲಿ ಬಂದು, ಇಳಿದು, ಬಿಸ್ಮಿಲ್ಲಾ ಅಂದು ಒಂದು ಮುದ್ದೆ ರಪ್ಪನೆ ಹೊಡೆದು, ಕೈ ತೊಳೆದು ಒಳಗೆ ಹೋಗಿ ಚಹಾ ಕುಡಿಯುತ್ತಾನೆ. ಉಳಿದ ಮುದ್ದೆಗಳೆಲ್ಲ ಎರ್ಗೆಶನವು. ಸಂಜೆ ಮೆದೆರ್‌ನ ತಟ್ಟೆಗೆ ಮೂಳೆ, ಎರ್ಗೆಶನ ತಟ್ಟೆಗೆ ಎದೆಮಾಂಸ. ಎದೆಮಾಂಸ ಅಳಿಯನ ಪಾಲು. ಕೊಬ್ಬು ತುಂಬಿದ್ದು, ಬಾಯಿಗಿಟ್ಟರೆ ಕರಗುವಂಥದ್ದು, ಮರ್ಯಾದೆಯ ತುಂಡು. ನೆಂಟನಿಗೆ ಮಾಡುವ ಮರ್ಯಾದೆ. ಅದನ್ನು ತಿನ್ನುವಾಗ ಪ್ರತಿ ವರ್ಷ ಅವನಿಗೆ ಎರಡು ಸಂಕಟ: ಒಂದು, ಇದು ನನ್ನ ಮನೆಯಲ್ಲವಲ್ಲ ಎಂದು. ಇನ್ನೊಂದು, ಅದು ಬಹಳ ರುಚಿಯಾಗಿರುತ್ತಿತ್ತು ಎಂದು.

"ಅಳಿಯಂದ್ರೆ, ಚಹಾ ಆರ್ತಾ ಇದೆ, ಒಳಗೆ ಬನ್ನಿ," ಅತ್ತೆ ಬಾಗಿಲಲ್ಲಿ ನಿಂತು ಕರೆದಳು. ಎಂಟು ವರ್ಷವಾಯಿತು, ಇದೇ ದನಿ. ಬನ್ನಿ, ಕೂತ್ಕೊಳ್ಳಿ, ಇನ್ನೊಂದು ರೊಟ್ಟಿ ತಗೊಳ್ಳಿ. ಬಟ್ಟಲಿಗೆ ಹಾಲು ಮೊದಲು ಸುರಿದು, ಆಮೇಲೆ ಡಿಕಾಕ್ಷನ್ ಸುರಿದು, ಎರಡೂ ಕೈಯಲ್ಲಿ ಕೊಡುತ್ತಾಳೆ. ಬಟ್ಟಲು ತುಂಬಿಸುವುದಿಲ್ಲ, ಅರ್ಧಕ್ಕೆ ನಿಲ್ಲಿಸುತ್ತಾಳೆ, ಇನ್ನೂ ಕೊಡುವ ನೆಪಕ್ಕೆ. ತೆಂಕಣ ಬಯಲಿನಿಂದ ಈರುಳ್ಳಿ ಲಾರಿಯಲ್ಲಿ ಬಂದವನಿಗೆ, ಈ ಮನೆಯೆದುರು ಲಾರಿ ಕೆಟ್ಟು ನಿಂತಾಗಲೂ ಹೀಗೆಯೇ ಕೊಟ್ಟಿದ್ದಳು. ಆಗ ಅವನು ದಾರಿಹೋಕ. ಆಮೇಲೆ ಬುರುಲ್‌ಳ ಗಂಡನಾದ, ಜಿಪಾರ್‌ಳ ಅಪ್ಪನಾದ, ಮಾವನನ್ನು ಕೈಯಾರೆ ಎತ್ತಿ ಕೂರಿಸಿ ಮಲಗಿಸಿದ, ಮಣ್ಣಿಗೂ ಇಟ್ಟ. ಬಟ್ಟಲು ಮಾತ್ರ ಇವತ್ತಿಗೂ ಎರಡು ಕೈಯಲ್ಲೇ ಬರುತ್ತದೆ. ಮಗನಾಗಿದ್ದರೆ ತಳ್ಳುತ್ತಿದ್ದಳು. ಕುಡಿ, ಕುಡಿದು ಸಾಯಿ, ಕೆಲಸ ಬಿದ್ದಿದೆ ಅನ್ನುತ್ತಿದ್ದಳು. ಅವನ ತಾಯಿ ಹಾಗೆ ಅನ್ನುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಈ ಭೂಮಿಯ ಮೇಲೆ ಅವನನ್ನು ಬೈಯುವವರೇ ಇಲ್ಲ. ಬುರುಲ್ ಗೊಣಗುತ್ತಾಳೆ; ಅದು ಬೇರೆ.

"ಅಪಾ, ಮೆದೆರ್ ಫೋನ್ ಎತ್ತಿದ್ನಾ?" ಬುರುಲ್ ಕೇಳಿದಳು. ತಾಯಿಯನ್ನು ಅವಳೂ ಅಪಾ ಅನ್ನುತ್ತಾಳೆ, ಅವನೂ ಅಪಾ ಅನ್ನುತ್ತಾನೆ. ಒಂದೇ ಮಾತು, ಒಬ್ಬರಿಗೆ ಮಾತ್ರ ದಕ್ಕುತ್ತದೆ.

"ಎತ್ತಿದ. ಮೇಲಿನ ಘಾಟಿಯಲ್ಲಿ ಯಾರಿಗೋ ಕಲ್ಲಿದ್ದಲು ಇಳಿಸ್ಬೇಕಂತೆ. ಆದ್ರೆ ಇವತ್ತು, ಇಲ್ಲಾಂದ್ರೆ ನಾಳೆ ಅಂದ."

"ನಾಳೆ? ಹೊರಗೆ ನೋಡಿದ್ಯಾ?"

"ನೋಡಿದೀನಿ ಕಣೇ. ನಿನಗಿಂತ ಜಾಸ್ತಿ ಚಳಿಗಾಲ ನೋಡಿದೀನಿ." ಆಮೇಲೆ ಅಳಿಯನ ಕಡೆ ತಿರುಗಿ, ದನಿ ಇಳಿಸಿ, "ಅಲ್ಲೀವರೆಗೆ ಬೇರೆ ಕೆಲಸ ಇದ್ರೆ ನೋಡ್ಕೊಳ್ಳಿ ಅಳಿಯಂದ್ರೆ. ಆಯಾಸ ಮಾಡ್ಕೋಬೇಡಿ."

ಬೇರೆ ಕೆಲಸಕ್ಕೇನು ಬರವೇ. ಕಿಟಕಿಗಳಿಗೆ ಹೊರಗಿನಿಂದ ಪ್ಲಾಸ್ಟಿಕ್ ಹಾಳೆ ಬಿಗಿದು ಪಟ್ಟಿ ಹೊಡೆದ. ಅಂಗಳದ ನಲ್ಲಿಗೆ ಹುಲ್ಲು ಸುತ್ತಿ, ಹುಲ್ಲಿನ ಮೇಲೆ ಹರಕು ಕೋಟು ಸುತ್ತಿ, ಕೋಟಿನ ತೋಳನ್ನೇ ಗಂಟು ಹಾಕಿದ. ದೂರದಿಂದ ನೋಡಿದರೆ ಯಾರೋ ಗಿಡ್ಡ ಮನುಷ್ಯ ಕೈಕಟ್ಟಿ ನಿಂತು ಇವನ ಕೆಲಸ ನೋಡುತ್ತಿದ್ದ ಹಾಗಿತ್ತು. ಬೇಸಿಗೆಯೆಲ್ಲ ಒಣಗಿದ ಬೆರಣಿಯನ್ನು ಪಡುವಣ ಗೋಡೆಗೆ ಒತ್ತಿ ಒಟ್ಟಿದ, ಒಲೆಗೆ ಉರುವಲೂ ಆಯಿತು, ಗಾಳಿಗೆ ಅಡ್ಡವೂ ಆಯಿತು. ಒಂದೊಂದು ಕೆಲಸ ಮುಗಿದಾಗಲೂ ಬಡಗಣ ಗೋಡೆಯ ಕಡೆ ಹೋಗಿ ಬರುತ್ತಿದ್ದ. ಹೋಗುವ ಅಗತ್ಯವಿರಲಿಲ್ಲ. ಗೋಡೆಯಲ್ಲಿ ಮೊಳದುದ್ದದ ಬಿರುಕು ಇದ್ದ ಜಾಗ ಯಾವುದು, ಅದು ಯಾಕೆ ಅಲ್ಲೇ ಬರುತ್ತದೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದು ಅವನ ಬಾರ್ಲಿ ಬೆಳೆದಿದ್ದ ಜಾಗ. ಅವನ ಊರಲ್ಲಿ ಮಣ್ಣಿಗೆ ಸೇರಿಸುವುದು ಗೋಧಿಯ ಹೊಟ್ಟು. ಇಲ್ಲಿಗೆ ಬಂದ ಮೊದಲ ವರ್ಷ, ಲದ್ದಿ ಯಾಕೆ, ನಮ್ಮ ಕಡೆಯ ಕೆಲಸ ತೋರಿಸುತ್ತೇನೆಂದು ಕೊಟ್ಟಿಗೆಯ ಬಾರ್ಲಿ ಹುಲ್ಲನ್ನೇ ಕೊಚ್ಚಿ ಕಲಸಿದ. ತೆನೆಯಲ್ಲಿ ಕಾಳು ಉಳಿದಿದ್ದವು. ಚಳಿಗಾಲ ಪೂರ್ತಿ ಗೋಡೆ ಗಂಭೀರವಾಗಿ ನಿಂತಿತು. ಮೇ ತಿಂಗಳಲ್ಲಿ ಹಿಮ ಕರಗಿ ನೀರು ಕುಡಿದದ್ದೇ, ಗೋಡೆಗೆ ಗೋಡೆಯೇ ಮೊಳಕೆಯೊಡೆಯಿತು. ಒಂದು ಗೇಣು ಹಸಿರು. ಪಕ್ಕದ ಮನೆಯ ಕಾಸಿಮ್‌ನ ಹಸು ಬೇಲಿ ಮುರಿದು ಬಂದು ಮನೆಯನ್ನು ಮೇಯತೊಡಗಿತು. ಹುಲ್ಲಿನ ಜತೆ ಮಣ್ಣೂ ಕಿತ್ತು ಬಂತು; ಇವತ್ತಿಗೂ ಬಿರುಕು ಬಿಡುವುದು ಅಲ್ಲೇ. ಶಾಲೆಯ ಮಕ್ಕಳು ಸಾಲಾಗಿ ಬಂದು ನೋಡಿಹೋದರು.

ಆವತ್ತು ಕಾಲಿಚಾ ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದಳು. ಅವನು ತಲೆ ತಗ್ಗಿಸಿ ಬೈಗುಳಕ್ಕೆ ಕಾದಿದ್ದ, ಮೈಯೆಲ್ಲ ಕಿವಿಯಾಗಿ. ಅವಳು ಅಂದದ್ದು: "ಇರ್ಲಿ ಬಿಡಿ ಅಳಿಯಂದ್ರೆ. ಹಸಿರು ಕಣ್ಣಿಗೆ ತಂಪು." ಕತ್ತೆ ಅಂದಿದ್ದರೆ ಸುಖವಾಗಿ ನಿದ್ದೆ ಮಾಡುತ್ತಿದ್ದನೇನೋ, ಅದರ ಬದಲು ಆ ತಂಪು ಮಾತು ಆ ರಾತ್ರಿಯ ನಿದ್ದೆ ಕೆಡಿಸಿತು, ಇವತ್ತಿಗೂ ಕೆಡಿಸುತ್ತದೆ. ಅದೇ ವಾರ ಮೆದೆರ್ ಬಂದು ಕುರಿದೊಡ್ಡಿಯ ಬಾಗಿಲು ಹಾಕದೆ ಬಿಟ್ಟಿದ್ದಕ್ಕೆ ಅವಳು ಸೌಟು ಹಿಡಿದು ಅವನನ್ನು ಮನೆಯ ಸುತ್ತ ಓಡಿಸಿದ್ದಳು. "ದಂಡಪಿಂಡ! ಕಣ್ಣಿದ್ದೂ ಕುರುಡ! ನಿನ್ನ ಹೆತ್ತ ಹೊಟ್ಟೆಗೆ ಕಲ್ಲು ಕಟ್ಟಬೇಕಿತ್ತು!" ಮೆದೆರ್ ನಗುತ್ತ ಓಡುತ್ತಿದ್ದ, ಅವಳು ನಗದೆ ಅಟ್ಟುತ್ತಿದ್ದಳು. ಆಮೇಲೆ ಅದೇ ಸೌಟಿನಲ್ಲಿ ಅವನಿಗೆ ಕೆನೆ ಹಾಕಿದಳು. ಗುದ್ದಲಿ ಹಿಡಿದು ಮೂಲೆಯಲ್ಲಿ ನಿಂತಿದ್ದ ಎರ್ಗೆಶನಿಗೆ ಕೆನೆಯ ಮೇಲೆ ಆಸೆಯಾಗಲಿಲ್ಲ. ಸೌಟಿನ ಮೇಲೆ ಆಯಿತು. ಛೀ, ಇಷ್ಟು ವಯಸ್ಸಿನ ಗಂಡಸಿಗೆ ಬೈಸಿಕೊಳ್ಳುವ ಆಸೆಯೇ ಎಂದು ನಾಚಿಕೆಪಟ್ಟಿದ್ದ.

"ಏನು ಅಳಿಯ ದೇವ್ರು, ಗೋಡೆಗೆ ಇನ್ನೂ ಘಳಿಗೆ ಕೂಡಿ ಬರ್ಲಿಲ್ವಾ?" ಬೇಲಿಯಾಚೆಯಿಂದ ಕಾಸಿಮ್. ಕಾಸಿಮ್‌ನ ಗೋಡೆ ಹೋದ ವಾರವೇ ಮುಗಿದಿತ್ತು, ಈಗ ಅವನಿಗೆ ಬೇರೆಯವರ ಗೋಡೆ ನೋಡುವುದೇ ಕೆಲಸ.

"ಮೆದೆರ್ ಬರ್ಬೇಕು."

"ಮೆದೆರ್ ಬರೋ ಹೊತ್ತಿಗೆ ಹಿಮ ಬಂದು ಊಟ ಮಾಡಿ ಮಲಗಿರತ್ತೆ. ಹಿಮಕ್ಕೂ ನಿಮ್ಮತ್ತೆ ಅಂದ್ರೆ ಭಯ ಅಂದ್ಕೊಂಡ್ಯಾ?"

"ಪದ್ಧತಿ ಮಾಮ. ನಾನೇನು ಮಾಡ್ಲಿ?"

"ಪದ್ಧತಿಯಂತೆ! ಗುಂಡಿ ತೋಡೋಕೆ ನೀನು ಮಗ, ಮುದ್ದೆ ಹೊಡೆಯೋಕೆ ನೀನು ಅಳಿಯ. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು. ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನಿನಗೆ ಕೈ ಮಾತ್ರ ಕೆಸರು."

"ಬಾಯಿಗೆ ಎದೆಮಾಂಸ ಬರತ್ತೆ ಬಿಡು."

"ಬರತ್ತೆ ಬರತ್ತೆ. ತಿಂದು ಹೊರಡೋ ನೆಂಟನಿಗೆ ಕೊಡೋದು ಅದು. ನೀನು ಹೊರಡೋದು ಯಾವಾಗ ಅಂತ?" ಅಂದು ತಾನೇ ನಕ್ಕ. ಆಮೇಲೆ ಪಾಪ ಅನ್ನಿಸಿತೋ ಏನೋ, "ಈ ಸಲ ಏನು ಬಿತ್ತಿದೀಯ, ಬಾರ್ಲಿನೋ ಗೋಧಿನೋ? ಮೊದ್ಲೇ ಹೇಳು, ಹಸು ಕಟ್ಟಿ ಹಾಕ್ತೀನಿ," ಎಂದ. ಹಳೆಯ ತಮಾಷೆ. ಎರ್ಗೆಶನೂ ನಕ್ಕ. ಊರಲ್ಲಿ ಎಲ್ಲರೂ ಆ ತಮಾಷೆ ಮಾಡುತ್ತಾರೆ, ಅತ್ತೆಯೊಬ್ಬಳನ್ನು ಬಿಟ್ಟು.

ಮಧ್ಯಾಹ್ನ ಗಾಳಿ ದಿಕ್ಕು ಬದಲಿಸಿತು. ಕೈಬೆರಳಿಗೆ ಗೊತ್ತಾಯಿತು, ಮೊಳೆ ಹಿಡಿದರೆ ಮೊಳೆ ಅಂಟಿಕೊಳ್ಳುತ್ತಿತ್ತು. ಅಟ್ಟದಿಂದ ಮಾವನ ಬೇಸಿಗೆ ಗುಡಾರದ ಹಳೆಯ ಉಣ್ಣೆಹಾಸುಗಳನ್ನು ಇಳಿಸುತ್ತಿದ್ದ ಬುರುಲ್‌ಳನ್ನು ತಡೆದ. ಪ್ರತಿ ವರ್ಷ ಅದರಲ್ಲೊಂದನ್ನು ಹೊರಬಾಗಿಲಿಗೆ ತೂಗುಹಾಕುತ್ತಾರೆ.

"ಬುರುಲ್, ನೀನು ಹೊಡಿ."

"ಏನನ್ನ?"

"ಮೊದಲ ಮುದ್ದೆ. ನೀನು ನಿಮ್ಮಪ್ಪನ ರಕ್ತ ತಾನೇ? ಮೆದೆರ್‌ಗಿಂತ ಹತ್ತಿರ."

"ನಾನು ಹೆಣ್ಣು. ಮದುವೆಯಾಗಿ ಹೊರಗೆ ಹೋದೋಳು."

"ಎಲ್ಲಿಗೆ ಹೋದೆ? ಇಲ್ಲೇ ಇದ್ದೀಯಲ್ಲೇ ಮಾರಾಯ್ತಿ."

ಬುರುಲ್‌ಗೆ ನಗು ಬಂತು, ನಗು ಅರ್ಧಕ್ಕೇ ನಿಂತಿತು. ಅವನ ಕೋಟಿಗೆ ಅಂಟಿದ್ದ ಬೆರಣಿಯ ಪುಡಿ ತಟ್ಟಿದಳು. "ಅಪಾನ್ನ ಕೇಳು. ಹೋಗು, ನೀನೇ ಕೇಳು. ಇಷ್ಟು ವರ್ಷದಲ್ಲಿ ಒಂದು ಸಲಾನಾದ್ರೂ ಬಾಯಿ ಬಿಟ್ಟು ಏನಾದ್ರೂ ಕೇಳಿದೀಯಾ ಅವಳನ್ನ?"

ಕೇಳಿರಲಿಲ್ಲ. ನೆಂಟರು ಕೇಳುವುದಿಲ್ಲ; ಕೊಟ್ಟದ್ದನ್ನು ತೆಗೆದುಕೊಳ್ಳುತ್ತಾರೆ. ಈ ಯೋಚನೆ ಬಂದದ್ದೇ ಅವನಿಗೆ ತನ್ನ ಮೇಲೆಯೇ ಅನುಮಾನವಾಯಿತು. ದೂರ ಇಟ್ಟವಳು ಅವಳೋ, ದೂರ ಕೂತವನು ತಾನೋ? ತಾಯಿಯ ಮನೆಯಲ್ಲಿ ರೊಟ್ಟಿ ಬೇಕಾದರೆ ಕೈಹಾಕಿ ತೆಗೆದುಕೊಳ್ಳುತ್ತಿದ್ದವನು ಇಲ್ಲಿ ಹಸಿವಾದರೂ ಸಾಕು ಸಾಕು ಅನ್ನುತ್ತಾನೆ. ಕೇಳಿಯೇಬಿಡೋಣ ಎಂದು ಬಾಗಿಲವರೆಗೆ ಹೋದ. ಬಾಗಿಲ ಮೇಲೆ ಇನ್ನೂ ಬಿಚ್ಚದ ಹೋದ ವರ್ಷದ ಮೂಳೆ ಗಾಳಿಗೆ ಚೌಕಟ್ಟಿಗೆ ಟಕ್ ಟಕ್ ಬಡಿಯುತ್ತಿತ್ತು. ಮೆದೆರ್‌ನ ಹಲ್ಲಿನ ಗುರುತು. ಬೇಡವೆಂದು ವಾಪಸು ಬಂದ. ಬಂದು ಬಡಗಣ ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಬಿರುಕಿಗೆ ಅಂಗೈ ಒಡ್ಡಿದ. ಆಗ ಒಳಗೆ ಅತ್ತೆ ಕೆಮ್ಮಿದಳು.

ಗೋಡೆಯಾಚೆಯ ಕೆಮ್ಮಲ್ಲ. ಅಂಗೈಯಲ್ಲೇ ಕೆಮ್ಮಿದ ಹಾಗೆ, ಅಷ್ಟು ಹತ್ತಿರ. ಒಂದು ಸಲ, ತಡೆದು, ಇನ್ನೊಂದು ಸಲ. ಬಟ್ಟಲು ಕೆಳಗಿಟ್ಟ ಸದ್ದೂ ಕೇಳಿಸಿತು. ಒಳಗಿನ ಸದ್ದು ಇಷ್ಟು ಸಲೀಸಾಗಿ ಹೊರಗೆ ಬರುತ್ತದಾದರೆ ಹೊರಗಿನ ಗಾಳಿ ಒಳಗೆ ಹೋಗದೆ ಇರುತ್ತದೆಯೇ? ಮೆದೆರ್ ಬರುತ್ತಾನೆ, ನಾಳೆ ಬರುತ್ತಾನೆ, ಹಿಮದ ಮೇಲೆ ನಿಂತು ಬಿಸ್ಮಿಲ್ಲಾ ಅನ್ನುತ್ತಾನೆ. ಹಾಳು ಪದ್ಧತಿ, ಇವಳ ಎದೆಗೂಡಿಗಿಂತ ದೊಡ್ಡದೇ ಅದು? ಅವನಿಗೆ ಸಿಟ್ಟು ಬಂತು. ಈ ಮನೆಯಲ್ಲಿ ಅವನಿಗೆ ಸಿಟ್ಟು ಬಂದದ್ದು ಅದೇ ಮೊದಲು. ನೆಂಟನಿಗೆ ಸಿಟ್ಟು ಬರುವ ಹಾಗೂ ಇಲ್ಲವಲ್ಲ. ಗುಂಡಿಗೆ ಎರಡೂ ಕೈ ಹಾಕಿ, ಹಿಡಿದಷ್ಟು ಮಣ್ಣು ಎತ್ತಿ, ಬಿಸ್ಮಿಲ್ಲಾ ಎಂದು ಹಲ್ಲು ಕಚ್ಚಿ ಬಿರುಕಿನ ಮೇಲೆ ಹೊಡೆದ.

ಧಡ್ ಎಂದಿತು. ಒಳಗೂ ಏನೋ ಬಿದ್ದ ಸದ್ದು. ಬೇಲಿಯಾಚೆ ಕಾಸಿಮ್‌ನ ತಲೆ ಮೇಲೆದ್ದಿತು. ಎರ್ಗೆಶ್ ಮಣ್ಣಾದ ಕೈಗಳನ್ನು ಮುಂದೆ ಚಾಚಿಕೊಂಡು ನಿಂತ. ಅವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಹಿಂದೆ ತೆಗೆಯಬಹುದೇ? ಕೆರೆದು ಮತ್ತೆ ಗುಂಡಿಗೆ ಹಾಕಿಬಿಟ್ಟರೆ? ಅಷ್ಟರಲ್ಲಿ ಕಾಲಿಚಾ ಮೂಲೆ ತಿರುಗಿ ಬಂದಳು. ಬಿಳಿಯ ತಲೆವಸ್ತ್ರದ ತುಂಬ ಮಣ್ಣಿನ ಧೂಳು. ಕೈಯಲ್ಲಿ ಬಟ್ಟಲು, ಬಟ್ಟಲಲ್ಲಿ ಒಳಗೋಡೆಯ ಹೆಂಟೆ.

"ಯಾವನೋ ಅವನು ನನ್ನ ಚಹಾಕ್ಕೆ ಮಣ್ಣು ಹಾಕಿದೋನು?"

"ನಾನೇ ಅಪಾ."

ಅವಳು ಗೋಡೆ ನೋಡಿದಳು. ಮುದ್ದೆ ಬಿರುಕಿನ ಮೇಲೆ ಕೂತಿತ್ತು, ಹತ್ತು ಬೆರಳೂ ಮೂಡಿದ್ದವು. ದಾರಿ ನೋಡಿದಳು. ದಾರಿಯಲ್ಲಿ ಲಾರಿಯೂ ಇರಲಿಲ್ಲ, ಮೆದೆರ್‌ನೂ ಇರಲಿಲ್ಲ. ಮತ್ತೆ ಅವನನ್ನು ನೋಡಿದಳು. ಮುಖದಿಂದ ಏನೂ ತಿಳಿಯುತ್ತಿರಲಿಲ್ಲ. ಬಗ್ಗಿ ಗುಂಡಿಯ ಮಣ್ಣಿಗೆ ಬೆರಳಿಟ್ಟು, ಎತ್ತಿ, ಬೆರಳಿನಿಂದ ಅದು ಜಾರುವುದನ್ನು ನೋಡಿದಳು.

"ಇದೇನು ಮಣ್ಣಾ, ಗಂಜಿನಾ?"

"ಅಪಾ, ಅದು—"

"ಬಾಯ್ಮುಚ್ಚು! ಇಷ್ಟು ನೀರು ಹುಯ್ಯೋವಾಗ ಕಣ್ಣು ಎಲ್ಲಿಟ್ಟಿದ್ದೆ? ಲದ್ದಿ ಸಾಲದು ಅಂತ ನೋಡಿದ್ರೇ ಗೊತ್ತಾಗಲ್ವಾ? ಎಂಟು ವರ್ಷದಿಂದ ತುಳೀತಿದೀಯ, ಕಾಲಿಗೂ ಬುದ್ಧಿ ಬರ್ಲಿಲ್ಲ, ತಲೆಗೂ ಬರ್ಲಿಲ್ಲ! ಒಂದ್ಸಲ ಗೋಡೆ ಮೇಲೆ ಬಾರ್ಲಿ ಬೆಳೆದೆ, ಊರೆಲ್ಲ ನಕ್ರು, ನಾನು ಹಲ್ಲು ಕಚ್ಚಿ ಸುಮ್ಮನಿದ್ದೆ. ಈ ಸಲ ಏನು, ಮೀನು ಸಾಕ್ತೀಯಾ?"

ಬೇಲಿಯಾಚೆ ಕಾಸಿಮ್ ಗೊಳ್ಳೆಂದ. ಎರ್ಗೆಶನಿಗೆ ಕಿವಿ ಬಿಸಿಯಾಯಿತು, ಎದೆಯೂ ಬಿಸಿಯಾಯಿತು. ಇನ್ನೂ ಬೈಯಲಿ ದೇವರೇ, ನಿಲ್ಲಿಸದಿರಲಿ. ಬಾರ್ಲಿಯದ್ದೂ ಬಂತಲ್ಲ, ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದಳು ಇದನ್ನೆಲ್ಲ?

"ಹಲ್ಲು ಯಾಕೆ ಕಿಸೀತೀಯ? ಮೊದಲ ಮುದ್ದೆ ಹೊಡೆದ್ಬಿಟ್ರೆ ಮುಗೀತಾ? ಗೋಡೆ ಅಷ್ಟುದ್ದ ಬಿದ್ದಿದೆ. ಬುರುಲ್! ಲದ್ದಿ ತಾರೇ! ಕಾಸಿಮ್, ಅಲ್ಲಿ ನಿಂತು ನಗೋಕೆ ನಿನಗೇನು ಸಂಬಳ ಕೊಡ್ತಾರಾ? ಈ ಕಡೆ ಬಾ!" ಬಟ್ಟಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಅವಳು ತೋಳು ಮಡಿಚಿದಳು.

ಆಮೇಲೆ ಮಾತಿಗೆ ಪುರುಸೊತ್ತಿರಲಿಲ್ಲ. ಎರ್ಗೆಶ್ ತುಳಿದ, ಬುರುಲ್ ಹೊತ್ತಳು, ಕಾಸಿಮ್ ಬೇಲಿ ಹಾರಿ ಬಂದು ಎತ್ತರದ ಜಾಗಕ್ಕೆ ಹೊಡೆದ, ಕಾಲಿಚಾ ಹಿಂದಿನಿಂದ ಅಂಗೈಯಲ್ಲಿ ಸವರುತ್ತ ಬಂದಳು. ಅವಳ ಕೈ ಹೋದ ಕಡೆ ಗೋಡೆ ನುಣ್ಣಗಾಗುತ್ತಿತ್ತು. ನಡುನಡುವೆ ಕೆಮ್ಮುತ್ತಿದ್ದಳು, ಕೆಮ್ಮುತ್ತಲೇ ಬೈಯುತ್ತಿದ್ದಳು: ದಪ್ಪ ಆಯ್ತು, ತೆಳು ಆಯ್ತು, ಮೂಲೆ ಬಿಟ್ಟೆ, ನಿನ್ನ ಊರಲ್ಲಿ ಮನೆಗೆ ಮೂಲೆ ಇರಲ್ವಾ? ಇರುತ್ತೆ ಅಪಾ, ನಾವು ಅಲ್ಲಿ ಈರುಳ್ಳಿ ಇಡ್ತೀವಿ ಅಂದ. ಅವಳಿಗೆ ನಗು ಬಂತು, ತೋರಿಸಲಿಲ್ಲ. ಕೊನೆಯ ಮೂಲೆ ಮುಗಿಯುವ ಹೊತ್ತಿಗೆ ಹಿಮ ಬಿತ್ತು, ಮೊದಲು ಹಿಟ್ಟು ಜರಡಿ ಹಿಡಿದ ಹಾಗೆ, ಆಮೇಲೆ ಸರಿಯಾಗಿ. ಹಸಿ ಗೋಡೆ! ನಾಲ್ವರೂ ಕೈ ಬಿಟ್ಟು ನಿಂತರು. ಕಾಲಿಚಾಳೇ ಮೊದಲು ಕೂಗಿದ್ದು: "ಗುಡಾರದ ಹಾಸು ತನ್ನಿ, ಎಲ್ಲಾನೂ!" ಬಾಗಿಲಿಗೆ ಒಂದು ಸಾಕು, ಉಳಿದದ್ದು ಬೇಸಿಗೆಗೆ ಅಂತ ಅವಳು ಮುಟ್ಟಗೊಡದೆ ಇಟ್ಟಿದ್ದಂಥವು, ಮಾವ ಹುಲ್ಲುಗಾವಲಿಗೆ ಹೊತ್ತೊಯ್ಯುತ್ತಿದ್ದ ಹಾಸುಗಳು. ಸೂರಿನ ಕೆಳಗೆ ಮೊಳೆ ಹೊಡೆದು ಒಂದೊಂದಾಗಿ ಇಳಿಬಿಟ್ಟರು, ಬುಡಕ್ಕೆ ಬೆರಣಿ ಒತ್ತಿದರು. ಬಡಗಣ ಗೋಡೆ ಉಣ್ಣೆ ಹೊದ್ದು ನಿಂತಿತು. ಕಾಲಿಚಾ ಒಂದು ಹಾಸನ್ನು ಸ್ವಲ್ಪ ಎಳೆದು, ಸುಕ್ಕು ಬಿಡಿಸಿ, ಸ್ವಲ್ಪ ಹೊತ್ತು ಅದರ ಮೇಲೆ ಕೈಯಿಟ್ಟುಕೊಂಡಿದ್ದಳು.

ಮೆದೆರ್ ಬಂದದ್ದು ಸಂಜೆ, ಮಾಂಸ ಬೇಯುವ ವಾಸನೆ ಹಿಡಿದೇ ಬಂದವನ ಹಾಗೆ. ಟೋಪಿಯ ಮೇಲೆ ಹಿಮ, ಮುಖದ ಮೇಲೆ ಕಲ್ಲಿದ್ದಲು. "ದೊಡ್ಡಮ್ಮಾ, ಘಾಟಿಯಲ್ಲಿ ಚಕ್ರ ಹೂತುಹೋಯ್ತು, ಆಣೆಗೂ! ಎಲ್ಲಿ ಮಣ್ಣು? ಈಗ್ಲೇ ಹೊಡೀತೀನಿ," ಎಂದ. ಮಗಳು ಜಿಪಾರ್ ಕಿಸಕ್ಕೆಂದಳು. ಹಾಸಿದ ಬಟ್ಟೆಯ ಸುತ್ತ ಎಲ್ಲರೂ ಕೂತರು. ಎರ್ಗೆಶ್ ಅಭ್ಯಾಸದಂತೆ ಬಾಗಿಲ ಕಡೆ, ಮೆದೆರ್ ಒಲೆಯ ಕಡೆ. ಎರ್ಗೆಶನಿಗೆ ಒಳಗೊಳಗೆ ಭಯ. ಹೊರಗೆ ಬೈದದ್ದು ಸಿಟ್ಟಿಗೆ, ಹಿಮದ ಆತುರಕ್ಕೆ. ಈಗ ಮನೆಯೊಳಗೆ, ದೀಪದ ಕೆಳಗೆ, ಮತ್ತೆ ಅಳಿಯಂದ್ರೆ ಅಂದುಬಿಟ್ಟರೆ?

ಕಾಲಿಚಾ ಹಂಡೆಯಿಂದ ತುಂಡು ತೆಗೆದು ತೆಗೆದು ತಟ್ಟೆಗೆ ಹಾಕಿದಳು. ಎದೆಮಾಂಸದ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ, ಮೆದೆರ್‌ನ ಮುಂದಿಟ್ಟಳು. ಮುಂಗಾಲಿನ ಮೂಳೆಯ ತಟ್ಟೆಯನ್ನು ಒಂದು ಕೈಯಲ್ಲಿ, ಎರ್ಗೆಶನ ಕಡೆ ತಳ್ಳಿದಳು.

ಮೆದೆರ್ ತನ್ನ ತಟ್ಟೆ ನೋಡಿದ, ಅವನ ತಟ್ಟೆ ನೋಡಿದ. "ದೊಡ್ಡಮ್ಮಾ, ತಟ್ಟೆ ಅದಲು ಬದಲಾಗಿದೆ."

"ನನ್ನ ಕಣ್ಣು ಮಂಜಾಗಿರ್ಬೋದು, ಕೈ ಆಗಿಲ್ಲ. ಕೆಲಸ ಮುಗಿದ ಮೇಲೆ ಬರೋನು ನೆಂಟ. ತಗೊಳ್ಳಿ, ಸಂಕೋಚ ಮಾಡ್ಕೋಬೇಡಿ."

ಮೆದೆರ್ ಹೋ ಎಂದು ನಕ್ಕು ಬಾಯಿಗೆ ಹಾಕಿಕೊಂಡ. ಹಾಕಿಕೊಂಡವನು ಕಣ್ಣರಳಿಸಿದ. "ಭಾವ! ಇಷ್ಟು ವರ್ಷ ಇದನ್ನು ನೀನೊಬ್ಬನೇ ತಿಂತಿದ್ಯಾ? ಇದು ಅನ್ಯಾಯ!"

ಹೌದು, ಅನ್ಯಾಯವೇ. ಎರ್ಗೆಶ್ ಆ ಹೊಳೆಯುವ ಕೊಬ್ಬನ್ನು ಕೊನೆಯ ಸಲವೆಂಬಂತೆ ನೋಡಿದ. ತನ್ನ ಮೂಳೆ ಎತ್ತಿ ಕಚ್ಚಿದ. ಗಟ್ಟಿ, ನಾರು ನಾರು, ಹುಳುಕು ದವಡೆಹಲ್ಲಿಗೆ ನೇರವಾಗಿ ತಗುಲಿತು. ಕಣ್ಣಲ್ಲಿ ನೀರು ತುಂಬಿತು. ಬುರುಲ್ ಏನಾಯ್ತು ಎಂದು ಮೊಣಕೈಯಲ್ಲಿ ತಿವಿದಳು. ಹಲ್ಲು, ಎಂದ. ಅದೂ ನಿಜವೇ. ಗೋಡೆಯಾಚೆ ಗಾಳಿ ಬೀಸುವುದು ಕೇಳಿಸುತ್ತಿರಲಿಲ್ಲ. ಇನ್ನು ಸಾಕೆಂದು ಅವನು ಮೂಳೆಯನ್ನು ಮೆಲ್ಲಗೆ ತಟ್ಟೆಯ ಅಂಚಿಗೆ ಇಟ್ಟ.

"ಏಯ್, ಸರಿಯಾಗಿ ಕಚ್ಚೋ!" ಕಾಲಿಚಾ ಸೌಟು ಎತ್ತಿದಳು. "ಅರ್ಧ ಮಾಂಸ ಬಿಟ್ಟು ಬಾಗಿಲಿಗೆ ಕಟ್ಟಿದ್ರೆ ಊರ ನಾಯೆಲ್ಲ ಬಂದು ನಮ್ಮನೆ ಕಾಯ್ತವೆ."

ಎರ್ಗೆಶ್ ಮೂಳೆಯನ್ನು ಮತ್ತೆ ಎತ್ತಿಕೊಂಡು, ನೋವಿಲ್ಲದ ಹಲ್ಲಿನ ಕಡೆಗೆ ತಿರುಗಿಸಿದ.